ನನ್ನ ಸೊನ್ನೆ, ಆಯಿಯ ಅವ್ವ

ನಿನ್ನೆ ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ಪಕ್ಕದಲ್ಲಿ ಕುಳಿತವಳ ಗಂಟಿನಿಂದ ಬೇವಿನ ತಪ್ಪಲಿನ ವಾಸನೆ ಬಂತು. ಬಿಸಿಲಿಗೆ ಬಾಡಿದ ಬೇವು, ಜೊತೆಗೆ ಅರಿಶಿನ... ಕನ್ನೊಳ್ಳಿಯ ಆಯಿ ನೆನಪಾದಳು. ಸಂಬಂಧದಲ್ಲಿ ನನಗೇನೂ ಆಗಬೇಕಾದವಳಲ್ಲ. ಊರಿಗೆಲ್ಲ ಆಯಿ, ಹಾಗಾಗಿ ನನಗೂ ಆಯಿ.

ನಾನು ಆರೋಗ್ಯ ಇಲಾಖೆಯವನು. ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ಶುರುವಾದ ಮೇಲೆ ರೋಗ ಇಳಿಯಿತೋ ಇಲ್ಲವೋ ನೋಡುವುದು ನನ್ನ ಕೆಲಸ. ಜ್ವರದ ಜೊತೆ ಮೈಮೇಲೆ ದದ್ದು ಎದ್ದವರನ್ನು ಹುಡುಕಿ ರಕ್ತ ತೆಗೆದು ಪರೀಕ್ಷೆಗೆ ಕಳಿಸಬೇಕು. ಆದರೆ ನಮ್ಮ ಕಡೆ ದದ್ದೆಂದರೆ ರೋಗವಲ್ಲ, ಅವ್ವ, ಅಂದರೆ ದೇವಿ, ಮನೆಗೆ ಬಂದಳು ಅಂತ. ಅವ್ವ ಬಂದ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ, ಬಾಗಿಲಿಗೆ ಬೇವು ಕಟ್ಟುತ್ತಾರೆ, ಹೊರಗಿನವರ ಮುಂದೆ ಬಾಯಿ ಬಿಡುವುದಿಲ್ಲ. ಮೊದಲು ಕರೆಯುವುದು ಆಯಿಯನ್ನು. ಅವಳು ಮೊಸರನ್ನದ ಎಡೆ ಹಿಡಿದು ಅವ್ವನನ್ನು ಸಮಾಧಾನ ಮಾಡಿ ಕಳಿಸಬೇಕು. ಕನ್ನೊಳ್ಳಿಯಲ್ಲಿ ಆ ಮರ್ಯಾದೆ ಅವಳೊಬ್ಬಳದೇ.

ಒಂದು ಹುಡುಗಿಗೆ ದದ್ದು ಎದ್ದಿದೆ ಎಂದು ಮೊದಲ ಸಲ ಹೋದಾಗ ಆಯಿ ಬಾಗಿಲಿಗೆ ಅಡ್ಡ ನಿಂತಳು.

"ಚಪ್ಪಲಿ ಬಿಡೋ. ಒಳಗ ಅವ್ವ ಕುಂತಾಳ."

ಬಿಟ್ಟೆ. ಸಿರಿಂಜು ತೆಗೆದೆ.

"ಅವ್ವನ ಮೈಗೆ ಸೂಜಿ ಚುಚ್ಚಾಂವ! ಹಡದಾಕಿ ನಿನಗ ಇದನ್ನ ಕಲಿಸ್ಯಾಳೇನು?"

ರುಬೆಲ್ಲಾ ಮಕ್ಕಳಿಗೆ ದೊಡ್ಡ ಜಡ್ಡಲ್ಲ, ಬಸುರಿಗೆ ತಗುಲಿದರೆ ಹೊಟ್ಟೆಯೊಳಗಿನ ಕೂಸಿನ ಕಣ್ಣು ಕಿವಿ ಹೋಗಬಹುದು ಎಂದು ಬಿಡಿಸಿ ಹೇಳಿದೆ. ಆಯಿ ಅವ್ವನ ಫೋಟೋದ ಎರಡೂ ಬದಿಗೆ ನೀರು ಹಚ್ಚಿ ಹೂವು ಅಂಟಿಸಿದಳು. ಬಲಗಡೆಯದು ಬಿದ್ದರೆ ಒಪ್ಪಿಗೆ. ಹೂವು ಬೀಳಲೊಲ್ಲದು, ರಕ್ತ ಒಯ್ಯುವ ನನ್ನ ಡಬ್ಬಿಯಲ್ಲಿ ಐಸು ಕರಗುತ್ತಿದೆ. ಕೊನೆಗೆ ಆಯಿ ಜೋರಾಗಿ ಕೆಮ್ಮಿದಳು, ಬಲಗಡೆಯ ಹೂವು ಬಿತ್ತು.

"ಒಪ್ಪ್ಯಾಳ. ಲಗೂನ ತಗೋ, ಮತ್ತ ಮನಸ್ಸು ಬದ್ಲಿ ಮಾಡ್ಯಾಳು."

ಆ ಕೆಮ್ಮು ನಿಜದ್ದೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅಂದಿನಿಂದ ಯಾವ ಮನೆಯಿಂದ ಕರೆ ಬಂದರೂ ಅವಳೇ ನನಗೆ ಫೋನ್ ಮಾಡತೊಡಗಿದಳು. ವರ್ಷ ಕಳೆದಂತೆ ಲಸಿಕೆ ಕೆಲಸ ಮಾಡಿತು, ದದ್ದು ಅಪರೂಪವಾಯಿತು. ಖುಷಿಪಡಬೇಕಲ್ಲ? ಆಫೀಸಿನಲ್ಲಿ ಬೈಗುಳ! ಸೊನ್ನೆ ಬರೆದರೆ ರೋಗ ಹೋಯಿತೆಂದು ಸಾಹೇಬರು ನಂಬುವುದಿಲ್ಲ, ಇವನು ಹುಡುಕಿಲ್ಲ ಎನ್ನುತ್ತಾರೆ. ಬೇರೆ ಕಾರಣದ ದದ್ದನ್ನಾದರೂ ಪರೀಕ್ಷಿಸಿ, ಇದು ದಡಾರ-ರುಬೆಲ್ಲಾ ಅಲ್ಲ, ಆದರೂ ಹುಡುಕಿದ್ದೇನೆ ಎಂದು ತೋರಿಸಬೇಕು. ಆಯಿಗೂ ಕರೆಗಳು ನಿಂತವು. ಹಾದಿಯಲ್ಲಿ ಆಡುವ ಹುಡುಗರ ಅಂಗಿ ಎತ್ತಿ ಬೆನ್ನು ನೋಡುತ್ತಿದ್ದಳು. ಒಂದು ಸಂಜೆ ಇಬ್ಬರೂ ಕಟ್ಟೆಯ ಮೇಲೆ ಕುಳಿತು ಊರ ಮಕ್ಕಳ ಆರೋಗ್ಯಕ್ಕೆ ಮರುಗಿದೆವು. ದೇವರು ಮೆಚ್ಚುವ ಕೆಲಸವಲ್ಲ.

"ನಿನ್ನ ಸೂಜಿ ಬಂತು, ನಮ್ಮವ್ವ ಊರು ಬಿಟ್ಲು," ಎಂದು ನಕ್ಕಳು. ನಕ್ಕರೂ, ಊರಿಗೆ ತಾನು ಬೇಡವಾದೆನೇನೋ ಎಂಬ ಹೆದರಿಕೆ ಮುಖದಲ್ಲಿತ್ತು. ನನಗೆ ಕೆಡುಕೆನಿಸಿತು...

ಮತ್ತೊಂದು ದಿನ ಫೋನು: "ಲಗೂನ ಬಾ. ಅವ್ವ ಬಂದಾಳ!"

ಕರೆದದ್ದು ತನ್ನದೇ ಮನೆಗೆ. ಓಡಿಹೋದರೆ ಬಾಗಿಲಿಗೆ ಬೇವು, ಒಳಗೆ ಮಗುವಿಲ್ಲ. ಆಯಿಯೇ ಕೌದಿ ಹೊದ್ದು ಕುಳಿತಿದ್ದಾಳೆ. ಜ್ವರ, ಮೈತುಂಬ ದದ್ದು, ಮುಖದಲ್ಲಿ ಮದುವಣಗಿತ್ತಿಯ ಕಳೆ.

"ನನ್ನ ಕಡೀಕೇ ಬಂದಾಳ ನೋಡೋ! ತಗೋ ರಕ್ತ. ನಿನ್ನ ಸಾಹೇಬನ ಬಾಯಿನೂ ಮುಚ್ಚತೈತಿ."

ಹೂವನ್ನೂ ಕೇಳಲಿಲ್ಲ, ತಾನೇ ತೋಳು ಚಾಚಿದಳು.

ಫಲಿತಾಂಶ ಬಂತು. ದಡಾರವೂ ಅಲ್ಲ, ರುಬೆಲ್ಲಾವೂ ಅಲ್ಲ. ಸಾಹೇಬರು ನನ್ನ ಬೆನ್ನು ತಟ್ಟಿದರು. ಹೇಳಲು ಹೋದಾಗ ಆಯಿಗೆ ವಾಸಿಯಾಗಿತ್ತು.

"ಯಾವುದೋ ಗುಳಿಗಿ ಮೈಗೆ ಒಗ್ಗಿಲ್ರಿ ಆಯಿ."

"ಅಂದ್ರ ಅವ್ವ ಅಲ್ಲೇನು?"

"ಅಲ್ರಿ."

ಆಯಿ ಎದ್ದು ಬಾಗಿಲಿನ ಬೇವು ಬಿಚ್ಚಿದಳು. "ಹೋಗ್ಲಿ ಬಿಡು. ಹುಡುಗೂರು ಚಲೋ ಅದಾವ, ಬಸುರಿ ಹೆಣ್ಮಕ್ಕಳು ಚಲೋ ಅದಾರ. ಆದ್ರ ಇಷ್ಟು ವರ್ಷ ಅವ್ವಗ ಉಣಿಸಿ ಕಳಿಸೇನಿ... ಒಂದ್ ಮಾತು ಹೇಳಿ ಹೋಗಬೇಕಿತ್ತು."

ಆ ಬೇಸಿಗೆಯಲ್ಲೇ ಆಯಿ ತೀರಿಕೊಂಡಳು. ನಾನು ಇಲಾಖೆಯವನು, ಬಂಧುವಲ್ಲ, ಯಾರೂ ತಿಳಿಸಲಿಲ್ಲ. ಮುಂದೊಮ್ಮೆ ಹೋದಾಗ ಪಕ್ಕದ ಮನೆಯವಳು ಅಂಗಳ ಗುಡಿಸುತ್ತಾ ಹೇಳಿದಳು. ಈಗಲೂ ಕನ್ನೊಳ್ಳಿಗೆ ಹೋಗುತ್ತೇನೆ. ಮನೆಮನೆ ಕೇಳುತ್ತೇನೆ, ಸೊನ್ನೆ ಬರೆಯುತ್ತೇನೆ, ಬೈಸಿಕೊಳ್ಳುತ್ತೇನೆ. ರೋಗ ಹೋದದ್ದಕ್ಕೆ ಸಂತೋಷವಿದೆ. ಆಯಿಯ ಮೇಲೆ ಮಾತ್ರ ಸಿಟ್ಟಿದೆ. ಊರಲ್ಲಿ ಯಾರ ಮೈಮೇಲೆ ಏನೆದ್ದರೂ ಮೊದಲು ನನಗೇ ಫೋನ್ ಮಾಡುತ್ತಿದ್ದವಳು, ತಾನು ಹೋಗುವಾಗ ಮಾಡಲಿಲ್ಲ.