ಮಾಸಿನ ಕಾವಲು

"ಅವ್ವಾ, ಮಾರೆವ್ವ ಆಯಿ ನಮ್ಮ ನುಗ್ಗಿ ಗಿಡದ ಬುಡಕ್ಕ ಯಾಕ ಕುಂದರತಾಳ? ಒಳಗ ಯಾಕ ಬರೂದಿಲ್ಲ?"

ಮಗಳು ದುರ್ಗಿ ಹೀಗೆ ಕೇಳಿದಾಗ ಗೀತಾ ರೊಟ್ಟಿ ಬಡಿಯುತ್ತಿದ್ದಳು. ನೀನು ಹುಟ್ಟಿದಾಗ ನಿನ್ನ ಜೊತೆ ಬಂದ ಮಾಸು ಆ ಗಿಡದ ಬುಡದಲ್ಲಿದೆ, ಹುಗಿದವಳು ಆಯಿಯೇ ಎಂದು ಅರ್ಧ ಉತ್ತರ ಕೊಟ್ಟು, ಬಿಸಿ ರೊಟ್ಟಿಯ ಚೂರು ಕೈಗಿಟ್ಟು ಕಳಿಸಿದಳು. ಉಳಿದರ್ಧ ಮಗುವಿಗೆ ಹೇಳುವಂಥದ್ದಾಗಿರಲಿಲ್ಲ.

ಬೇವೂರಿನ ಸುತ್ತಿನ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಸೂಲಗಿತ್ತಿ ಮಾರೆವ್ವನ ಕೈಗೆ ಬೀಳದೆ ನೆಲ ಕಂಡವರೇ ಕಡಿಮೆ. ಎಲ್ಲರೂ ಆಸ್ಪತ್ರೆಗೆ ಹೋಗತೊಡಗಿದ ಮೇಲೆ ಹೆರಿಗೆಯ ಕೆಲಸ ತಪ್ಪಿತು, ಮಾಸು ಹುಗಿಯುವ ಕೆಲಸ ಉಳಿಯಿತು. ಮನೆಯವರು ಆಸ್ಪತ್ರೆಯಲ್ಲಿ ಕೇಳಿ ಇಸಿದುಕೊಂಡು ಬಂದದ್ದನ್ನು ಆಕೆ ಅರಿಶಿನ, ಉಪ್ಪು, ಬೇವಿನ ಸೊಪ್ಪಿನೊಂದಿಗೆ ಆಳದ ತಗ್ಗಿಗಿಟ್ಟು, ಮಣ್ಣಿನ ಮೇಲೆ ಜಾಲಿ ಮುಳ್ಳು, ಮುಳ್ಳಿನ ಮೇಲೆ ಕಲ್ಲು ಹೇರುತ್ತಿದ್ದಳು. ನಾಯಿ ಕೆದರಿದರೆ ಕೂಸಿಗೆ ಕೇಡು. ಆಕಳು ಈದಾಗಲೂ ಅಷ್ಟೇ. ಮಾಸು ಬೀಳುವ ತನಕ ಎದುರಿಗೆ ಕಾವಲು ಕೂತು, ಆಕಳು ಬಾಯಿ ಹಾಕುವ ಮೊದಲೇ ಎತ್ತಿ ಒಯ್ಯುವಳು. ತಿಂದರೆ ಕೆಚ್ಚಲು ಬತ್ತುತ್ತದೆಂದು ಊರೇ ನಂಬಿದೆ. ಮಾರೆವ್ವ ಕಾವಲು ಕೂತರೆ ಯಮನಿಗೂ ಆಕಳಿಕೆ ಬರುತ್ತದೆ ಎಂದು ಗಂಡಸರು ನಗುತ್ತಿದ್ದರು.

ಅಂಥವಳ ಮನೆಯಲ್ಲೇ ಆದದ್ದು ಇದು. ಸೊಸೆ ದ್ರಾಕ್ಷಾಯಿಣಿ ಚೊಚ್ಚಲ ಬಸುರಿ, ಮೈಯಲ್ಲಿ ರಕ್ತ ಕಡಿಮೆ. ಮಾಸು ತಿಂದರೆ ರಕ್ತ ಬರುತ್ತದೆ, ಹಾಲು ಇಳಿಯುತ್ತದೆ ಎಂದು ಫೋನಿನಲ್ಲಿ ಯಾರೋ ಹೇಳಿದ್ದನ್ನು ನೋಡಿ ನಂಬಿದಳು. ಹೆತ್ತು ಮನೆಗೆ ಬಂದ ದಿನ ಮಾಸು ತಂದ ಚೀಲ ತೋರಿಸಿ, ತಿನ್ನಲು ಬೇಕೆಂದು ಕೇಳಿಯೇಬಿಟ್ಟಳು. ನೀನೇನು ನಾಯಿಯೇ ಎಂದು ಅತ್ತೆ ಗದರಿದಳು. ಸೊಸೆ ಗೋಡೆಗೆ ಮುಖ ಮಾಡಿ ಮಲಗಿದಳು, ಉಣ್ಣಲಿಲ್ಲ. ಬಾಣಂತಿಯ ಕಣ್ಣೀರು ಕೂಸಿಗೆ ತಟ್ಟುತ್ತದೆ ಎಂದು ಊರಿಗೆಲ್ಲ ಹೇಳಿದವಳು ಮಾರೆವ್ವನೇ. ಆ ಮಾತಿಗೆ ತಾನೇ ಸೋತಳು.

ಮಾಸನ್ನು ಸಣ್ಣಗೆ ಕೊಯ್ದು, ಉಪ್ಪು ಸವರಿ, ಬಾಡಿನ ಖಂಡದಂತೆ ಮಾಳಿಗೆಯ ಮೇಲೆ ಒಣಗಿಸಿದಳು. ಕುಟ್ಟಿ ಪುಡಿ ಮಾಡಿ, ಒಣಶುಂಠಿ, ಮೆಣಸು, ಅಜವಾನ ಹಾಕಿದ ಬಾಣಂತಿ ಖಾರದಲ್ಲಿ ಬೆರೆಸಿದಳು. ಬಿಸಿಲು ಕಂಡದ್ದು ಕೆಡುವುದಿಲ್ಲ, ಶುಂಠಿ ಬಿದ್ದದ್ದು ಕೊಳೆಯುವುದಿಲ್ಲ ಎಂಬುದು ಅವಳ ಎಣಿಕೆ. ದ್ರಾಕ್ಷಾಯಿಣಿ ಬಿಸಿ ಅನ್ನ, ತುಪ್ಪದ ಜೊತೆ ಕಲಸಿ ಉಂಡಳು. ಹಾಲು ಇದ್ದಷ್ಟೇ ಇತ್ತು.

ಕೂಸಿಗೆ ಜ್ವರ ಬಂತು. ಮೊಲೆ ಬಿಟ್ಟಿತು. ಬೆಕ್ಕಿನ ಮರಿಯಂತೆ ನರಳತೊಡಗಿದಾಗ ಮಾರೆವ್ವನ ಮಗ ಹನಮೇಶ ಎತ್ತಿಕೊಂಡು ದೊಡ್ಡ ಆಸ್ಪತ್ರೆಗೆ ಓಡಿದ. ರಕ್ತಕ್ಕೇ ನಂಜೇರಿತ್ತು. ತಾಯಿ ಏನು ಉಣ್ಣುತ್ತಾಳೆ ಎಂದು ಡಾಕ್ಟರು ಕೇಳಿ, ಖಾರದ ಡಬ್ಬಿ ತರಿಸಿ ಪರೀಕ್ಷೆಗೆ ಕಳಿಸಿದರು. ಕೂಸಿನ ರಕ್ತದಲ್ಲಿದ್ದ ರೋಗಾಣುವೇ ಪುಡಿಯಲ್ಲೂ ಇತ್ತು. ಇದರಿಂದಲೇ ಬಂತು ಎಂದು ಆಣೆ ಮಾಡಲಾರೆ, ಆದರೆ ಇದರಿಂದ ಹಾಲೂ ಬರುವುದಿಲ್ಲ, ರಕ್ತವೂ ಬರುವುದಿಲ್ಲ, ತಿನ್ನಬಾರದಿತ್ತು ಎಂದರು. ಅಷ್ಟು ಹೊತ್ತಿಗೆ ಕೂಸು ಹೋಗಿತ್ತು.

ಕೂಸನ್ನು ಹುಗಿಯುವಾಗ ಮಾರೆವ್ವ ರೂಢಿಯಂತೆ ಕೈ ಚಾಚಿದಳು. ಹನಮೇಶ ಹಿಂದೆ ಸರಿದ.

"ನೀ ಮುಟ್ಟಬ್ಯಾಡವ್ವ."

ಅಂದಿನಿಂದ ಸಣ್ಣ ಮಕ್ಕಳಿರುವ ಮನೆಯ ಹೊಸ್ತಿಲನ್ನು ಆಕೆ ದಾಟಿಲ್ಲ. ಗೀತಾಳ ಹಿತ್ತಿಲಿಗೆ ಮಾತ್ರ ಬಂದು, ತಾನು ಹೇರಿದ ಕಲ್ಲಿನ ಪಕ್ಕ ಕೂರುತ್ತಾಳೆ. ದುರ್ಗಿ ಆಡುವುದನ್ನು ನೋಡುತ್ತಾಳೆ.

ದ್ರಾಕ್ಷಾಯಿಣಿ ಈಗ ಮತ್ತೆ ತುಂಬು ಬಸುರಿ. ನಿನ್ನೆ ಗೀತಾಳ ಹತ್ತಿರ ಕೂತು ಇನ್ನೊಂದು ವಿಡಿಯೋ ತೋರಿಸಿದ್ದಳು. "ಒಣಗಿಸಿದ್ದಕ್ಕ ಕೆಟ್ಟಿತಕ್ಕ. ಈ ಸಲ ಹಸೀದನ್ನ ಕುದಿಸಿಬಿಡೂದು. ಅತ್ತಿ ಕೈ ಕೆಟ್ಟದ್ದು, ಅದೇನ ಕೆಟ್ಟದ್ದಲ್ಲ." ಗೀತಾ ಡಾಕ್ಟರ ಮಾತನ್ನು ಮತ್ತೆ ನೆನಪಿಸಿದಳು. ದ್ರಾಕ್ಷಾಯಿಣಿ ಫೋನು ಮಡಿಲಿಗಿಟ್ಟುಕೊಂಡು ಸೀಮಂತಕ್ಕೆ ಬಂದ ಕುಬಸದ ಸೀರೆಯ ಸುದ್ದಿ ತೆಗೆದಳು.

ಇಂದು ರೊಟ್ಟಿ ಮುಗಿಸಿ ಗೀತಾ ಗಿಡದ ಬುಡಕ್ಕೆ ಚಹಾ ಒಯ್ದಳು. ಮಾರೆವ್ವ ಕಪ್ಪು ಹಿಡಿದಳು, ಕುಡಿಯಲಿಲ್ಲ.

"ನಿನಗ ತೋರಿಸ್ಯಾಳಲ್ಲ?"

ಗೀತಾ ಹೂಂ ಎಂದಳು. ಬೇಡವೆಂದು ಹೇಳಿದ್ದೇನೆ, ಮತ್ತೆ ಹೇಳುತ್ತೇನೆ ಎಂದಳು.

"ಹೇಳೂದರಾಗ ಹೋಗೂದಲ್ಲ ಯವ್ವಾ ಅದು. ನಾನೂ ಹೇಳಿದ್ನಲ್ಲ, ಆಮ್ಯಾಲ ಕುಟ್ಟಿ ಕೊಟ್ಟೆ. ಈಗ ನಾ ಬ್ಯಾಡ ಅಂದರ ಹಟಕ್ಕ ತಿಂತಾಳ. ಆಕಳಿಗೆ ಕಾವಲು ಕುಂತೆ, ಮನೀ ಹೆಣ್ಣಿಗೆ ಕುಂದರಲಿಲ್ಲ ನಾನು." ಕಪ್ಪನ್ನು ಕಲ್ಲಿನ ಮೇಲಿಟ್ಟು, ಪಕ್ಕದ ಒಣ ಎಲೆಗಳನ್ನು ಬೆರಳಿನಿಂದ ಸರಿಸಿದಳು. "ಆಸ್ಪತ್ರಿಗೆ ಅಕಿ ಜೋಡಿ ನೀ ಹೋಗು ಗೀತವ್ವ. ಮಾಸು ಬಿದ್ದ ಕೂಡ್ಲೆ ನರ್ಸಮ್ಮನ ಕಡಿಂದ ನೀನ ಇಸಗೋ. ಇಲ್ಲೆ ತಂದು, ನಿನ್ನ ಕೂಸಿನ ಮಾಸಿನ ಮಗ್ಗಲಕ್ಕ ಹುಗಿ. ಮುಳ್ಳು ಹಾಕೂದು ಮರೀಬ್ಯಾಡ. ನಾ ಮುಟ್ಟೂದಿಲ್ಲ. ಅಲ್ಲೆ ದೂರ ಕುಂತು, ಎಷ್ಟು ತೋಡಬೇಕು ಅನ್ನೂದಷ್ಟ ಹೇಳತೀನಿ."