ಕಾಲರಿನ ಗುಂಡುಪಿನ್ನು

ಉಸ್ತಾದರ ಖಾಕಿ ಅಂಗಿಯ ಕಾಲರಿನಲ್ಲಿ ಒಂದು ಗುಂಡುಪಿನ್ನು ಚುಚ್ಚಿರುತ್ತಿತ್ತು. ಬಗ್ಗಿದಾಗಲೆಲ್ಲ ಅದು ಗಂಟಲಿಗೆ ತಾಗೀತೆಂದು ನನಗೇ ಕಸಿವಿಸಿ. ಆ ಪಿನ್ನು ಮೊದಲಿನಿಂದಲೂ ಇತ್ತೇ, ಇಲ್ಲ ಆ ದಿನದ ನಂತರ ಬಂತೇ? ಈ ಒಂದು ಪ್ರಶ್ನೆ ವರ್ಷಗಟ್ಟಲೆ ನನ್ನನ್ನು ನೆಮ್ಮದಿಯಾಗಿ ಕೂರಲು ಬಿಡಲಿಲ್ಲ.

ಬಾಬುರಾಯನಕೊಪ್ಪಲಿನ ರಸ್ತೆಬದಿಯಲ್ಲಿ ಅವರ ಗ್ಯಾರೇಜು. ಎಲ್ಲರಿಗೂ ಅವರು ಉಸ್ತಾದ್. ಗಾಡಿ ಬಂದರೆ ಮೊದಲು ಚಕ್ರದ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಲ್ಲುತ್ತಿದ್ದರು. "ನೋಡುದ್ರೆ ಸಾಲ್ದು ಮೇಷ್ಟ್ರೇ, ಮುಟ್ಬೇಕು." ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವ ನನಗೆ ಅದು ತಮಾಷೆ.

ಎಬಿಎಸ್ ಬ್ರೇಕು ನನಗೆ ಅರ್ಥವಾದದ್ದು ಅವರಿಂದಲೇ, ಅದೂ ತಡವಾಗಿ. ಚಕ್ರದ ಬೇರಿಂಗಿನ ಒಂದು ಮಗ್ಗುಲಿನ ರಬ್ಬರಿನಲ್ಲಿ ಪುಟ್ಟ ಅಯಸ್ಕಾಂತಗಳು ಸುತ್ತಲೂ ಅಡಗಿರುತ್ತವೆ. ಚಕ್ರ ತಿರುಗಿದಂತೆ ಅವು ಸೆನ್ಸರಿನ ಮುಂದೆ ಹಾಯುತ್ತವೆ, ಸೆನ್ಸರು ಎಣಿಸುತ್ತದೆ. ಬ್ರೇಕು ಒತ್ತಿದಾಗ ಎಣಿಕೆ ತಟ್ಟನೆ ಬಿದ್ದರೆ, ಆ ಚಕ್ರ ಕಚ್ಚಿಕೊಳ್ಳುತ್ತಿದೆ ಎಂದರ್ಥ. ಆಗ ಕಾರೇ ಬ್ರೇಕನ್ನು ಚೂರು ಸಡಿಲಿಸುತ್ತದೆ. "ಎಣಿಸೋನು ಮಲೀಕಂಡ್ರೆ ಗಾಡಿ ಜಾರ್ತದೆ, ಅಷ್ಟೇಯ."

ಆ ದಿನ ಅವ್ವನನ್ನು ಅಕ್ಕಿಹೆಬ್ಬಾಳಿಗೆ, ನೆಂಟರ ಮನೆಯ ನಾಮಕರಣಕ್ಕೆ ಕರೆದೊಯ್ಯಬೇಕಿತ್ತು. ಉಸ್ತಾದರು ಮುಂದಿನ ಚಕ್ರದ ಹೊಸ ಬೇರಿಂಗನ್ನು ಆ ಕಡೆ ಈ ಕಡೆ ತಿರುಗಿಸುತ್ತಿದ್ದರು. "ಎರಡು ಕಡೆನೂ ಒಂದೇ ಅಲ್ವೇ? ಹಾಕಿ ಉಸ್ತಾದ್, ಹೊತ್ತಾಯ್ತು" ಎಂದೆ. "ಓದಿರೋರು ನೀವು" ಎಂದು ನಕ್ಕು ಏರಿಸಿದರು. ಇದೇ ಮಾತು ಆಡಿದೆನೋ, ಬರೀ ವಾಚು ನೋಡಿಕೊಂಡು ಅವಸರಪಡಿಸಿದೆನೋ, ಈಗ ಖಚಿತವಿಲ್ಲ.

ಹೊರಟ ಸ್ವಲ್ಪ ಹೊತ್ತಿಗೇ ಸ್ಟೀರಿಂಗಿನ ಮುಂದೆ ಎಬಿಎಸ್‌ನ ಹಳದಿ ದೀಪ ಹತ್ತಿತು. ಲೆಕ್ಕಿಸಲಿಲ್ಲ. ಪಾಂಡವಪುರ ದಾಟಿದ ಮೇಲೆ ತುಂತುರು ಮಳೆ. ಮುಂದಿದ್ದ ಕಬ್ಬಿನ ಟ್ರಾಕ್ಟರು ಗಕ್ಕನೆ ನಿಂತಿತು. ಬ್ರೇಕು ಒತ್ತಿದೆ. ಚಕ್ರ ಕಚ್ಚಿಕೊಂಡು ಕಾರು ಜಾರಿ ಗದ್ದೆಗಿಳಿಯಿತು. ಅವ್ವನ ಹಣೆಗೆ ಹೊಲಿಗೆ ಬಿತ್ತು.

ಮರುದಿನ ಕಾರನ್ನು ಎಳೆತಂದಾಗ ಅಣ್ಣ ಗ್ಯಾರೇಜಿನಲ್ಲಿ ಎಗರಾಡಿದ. "ಏನ್ರೀ ಉಸ್ತಾದ್, ನಮ್ಮವ್ವನ್ ಜೀವ ತೆಗೀತಿದ್ರಲ್ರೀ!"

ಉಸ್ತಾದರು ಬೇರಿಂಗು ಬಿಚ್ಚಿದರು. ಕಾಲರಿನಿಂದಲೋ ಮೇಜಿನ ಮೇಲಿಂದಲೋ ಒಂದು ಪಿನ್ನು ತೆಗೆದು ತಾಗಿಸಿದರು. ಸೆನ್ಸರಿನ ಕಡೆಯಿದ್ದ ಮಗ್ಗುಲಿಗೆ ಅಂಟಲಿಲ್ಲ, ಆಚೆ ಮಗ್ಗುಲಿಗೆ ಅಂಟಿತು.

"ತಿರುಗ್ಸಿ ಹಾಕ್ಬುಟ್ಟಿವ್ನಿ ಕಣಣ್ಣ. ತಪ್ಪು ನಂದೇಯ. ಅವ್ವ ಎಂಗವ್ರೆ?"

ನನ್ನ ಕಡೆ ನೋಡಲೂ ಇಲ್ಲ. ನಾನು ಬಾಯಿ ಬಿಡಲಿಲ್ಲ.

ಪಿನ್ನು ಇಟ್ಟುಕೊಂಡದ್ದು ಆಮೇಲೆ, ಮಗ್ಗುಲಿನ ವಿಷಯ ಮೊದಲು ಅವರಿಗೂ ಗೊತ್ತಿರಲಿಲ್ಲ ಎಂದುಕೊಂಡೇ ವರ್ಷಗಳನ್ನು ದೂಡಿದೆ.

ಹೋದ ತಿಂಗಳು ಉಸ್ತಾದರು ತೀರಿಕೊಂಡರು. ಗ್ಯಾರೇಜಿಗೆ ಹೋದೆ. ಗೋಡೆಯ ಮೇಲೆ ಗ್ಯಾರೇಜು ತೆರೆದ ದಿನದ ಅವರ ಫೋಟೋ. ನಾನು ಕಾರು ಕೊಳ್ಳುವುದಕ್ಕೂ ಮೊದಲಿನದು. ಹೊಸ ಅಂಗಿ. ಕಾಲರಿನಲ್ಲಿ ಪಿನ್ನು.

"ಅದಾ?" ಎಂದರು ಅವರ ತಮ್ಮ. "ಬೇರಿಂಗ್ ಮಗ್ಗುಲು ನೋಡಾಕೆ. ಭಾಯ್ ಅದ ಮುಟ್ಟಿಸ್ದೆ ಒಂದ್ ಬೇರಿಂಗೂ ಏರುಸ್ತಿರ್ನಿಲ್ಲ ಸಾರ್."

ಒಂದನ್ನು ಏರಿಸಿದ್ದರು, ನನ್ನ ಅವಸರಕ್ಕೆ.

ಹೊರಗೆ ಬಂದು ಅಣ್ಣನಿಗೆ ಫೋನು ಮಾಡಿದೆ. ಆ ದಿನದ ತಪ್ಪು ಉಸ್ತಾದರದಲ್ಲ, ನನ್ನದು ಎಂದೆ.

"ಅದ ಈಗ ಯೋಳ್ತಿದ್ದೀಯೇನ್ಲಾ?" ಎಂದ.