ಅಕ್ಕನ ಹೆಸರು ಯಾವ ಮನೆಯಲ್ಲಿ

ಮತದಾರರ ಪಟ್ಟಿ ಮಾಡುವ ಕೆಲಸವನ್ನು ಶಾಲೆಯ ಟೀಚರುಗಳ ತಲೆಗೆ ಕಟ್ಟಿದ ಮಹಾನುಭಾವ ಯಾರೋ ನನಗೆ ಗೊತ್ತಿಲ್ಲ. ಕೈಗೆ ಸಿಕ್ಕಿದ್ದರೆ ನಾಲ್ಕು ಮಾತು ಕೇಳುತ್ತಿದ್ದೆ. ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಕಾಪುವಿನ ಶಾಲೆಯೊಂದರಲ್ಲಿ ಹೊಸ ಟೀಚರು. ಪಾಠ ಮುಗಿದ ಮೇಲೆ ಕೊಡೆ ಹಿಡಿದು ಮನೆಮನೆ ತಿರುಗಿ, ಇಪ್ಪತ್ತೊಂದು ವರ್ಷ ದಾಟಿದವರ ಹೆಸರು ಬರೆಯಬೇಕಿತ್ತು. ನಾಯಿ ಇರುವ ಮನೆಗಳಲ್ಲಿ ಅಂಗಳದ ಆಚೆಯಿಂದಲೇ ಕೂಗಿ ಕೇಳುತ್ತಿದ್ದೆ. ಬೊಂಬಾಯಿಯಲ್ಲಿರುವ ಗಂಡು ಮಕ್ಕಳ ಹೆಸರನ್ನೂ ಬರೆಸುವವರು, ಬರೆದರೆ ತೆರಿಗೆ ಬಂದೀತೆಂದು ಅಜ್ಜನನ್ನೇ ಅಡಗಿಸುವವರು, ಎಲ್ಲರನ್ನೂ ಕಂಡಿದ್ದೇನೆ.

ದೊಡ್ಡ ತಲೆನೋವು ಮದುವೆಯಾದ ಹೆಂಗಸರದ್ದು. ಘಟ್ಟದ ಮೇಲಿನವರು ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುತ್ತಾರೆ. ನಮ್ಮದು ಅಳಿಯಸಂತಾನದ ಕುಟುಂಬ. ಇಲ್ಲಿ ಅದು ಉಲ್ಟಾ. ಹೆಣ್ಣು ಎಲ್ಲಿಗೆ ಮದುವೆಯಾಗಿ ಹೋದರೂ ತಾಯಿಮನೆಯವಳೇ, ಅವಳ ಮಕ್ಕಳೂ ತಾಯಿಮನೆಯವರೇ. ಹೇಳಲಿಕ್ಕೆ ಚಂದ. ಪಟ್ಟಿ ಬರೆಯಲು ಹೋದರೆ ಗಂಡನ ಮನೆಯವರು ಅವಳ ತಾಯಿಮನೆಯಲ್ಲಿ ಬರೆಯುತ್ತಾರೆ ಎನ್ನುವುದು, ತಾಯಿಮನೆಯವರು ಗಂಡನ ಮನೆಯಲ್ಲಿ ಬರೆದಿರುತ್ತಾರೆ ಎನ್ನುವುದು. ನಾನು ಇಬ್ಬರ ಮಾತನ್ನೂ ನಂಬುತ್ತಿದ್ದೆ.

ನನ್ನ ಅಕ್ಕ ನನಗಿಂತ ಐದು ವರ್ಷಕ್ಕೆ ದೊಡ್ಡವಳು. ಅವಳನ್ನು ಕಾರ್ಕಳದ ಕಡೆಗೆ ಕೊಟ್ಟಿತ್ತು. ಗಂಡ ಬೊಂಬಾಯಿಯಲ್ಲಿ ಹೋಟೆಲ್ ಕೆಲಸಕ್ಕೆಂದು ಹೋದವನು ಮೊದಲು ತಿಂಗಳಿಗೊಂದು, ಆಮೇಲೆ ವರ್ಷಕ್ಕೊಂದು ಕಾಗದ ಬರೆದು, ಕೊನೆಗೆ ಅದನ್ನೂ ಬಿಟ್ಟ. ಎರಡು ದಿನಕ್ಕೆಂದು ಟ್ರಂಕು ಹಿಡಿದು ನಮ್ಮ ಮನೆಗೆ ಬಂದ ಅಕ್ಕ ನಾಲ್ಕು ವರ್ಷ ಕಳೆದರೂ ಹೋಗಿರಲಿಲ್ಲ. ಚಾವಡಿಯ ಮೂಲೆಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು. ನೆಂಟರು ಬಂದು ಯಾವಾಗ ಬಂದದ್ದು ಎಂದು ಕೇಳಿದರೆ ಅಮ್ಮ ಅವಳಿಗಿಂತ ಮೊದಲೇ, “ಮೊನ್ನೆ ಬಂದದ್ದು, ನಾಡಿದ್ದು ಹೋಗುತ್ತಾಳೆ” ಎನ್ನುತ್ತಿದ್ದಳು.

ಊರೆಲ್ಲ ಬರೆದಾದ ಮೇಲೆ ಒಂದು ಸಂಜೆ ನಮ್ಮ ಮನೆಯದ್ದು ಬರೆಯಲು ಕೂತೆ. ಅಮ್ಮನದ್ದು ಬರೆದೆ, ನನ್ನದು ಬರೆದೆ. ಅಕ್ಕನ ಹೆಸರಿಗೆ ಪೆನ್ನು ಊರುವಾಗ ಅಮ್ಮ ನನ್ನ ಮಣಿಗಂಟು ಹಿಡಿದಳು.

“ಅವಳದ್ದು ಬೇಡ.”

“ಯಾಕೆ? ಇಲ್ಲಿಯೇ ಇದ್ದಾಳಲ್ಲ.”

“ಇಲ್ಲಿ ಬರೆದರೆ ಗಂಡನನ್ನು ಬಿಟ್ಟು ಬಂದವಳು ಅಂತ ಸರಕಾರವೇ ಹೇಳಿದ ಹಾಗೆ ಆಯಿತು. ನಾಳೆ ಅವನು ಬಂದರೆ ಎಂತ ಹೇಳುವುದು? ಕಾರ್ಕಳದಲ್ಲಿ ಬರೆದಿರುತ್ತಾರೆ, ಬಿಡು.”

ಮೂಲೆಯಲ್ಲಿ ಎಲೆ ಕತ್ತರಿಸುತ್ತಿದ್ದ ಕತ್ತರಿಯ ಸದ್ದು ನಿಂತಿತ್ತು. ಅಕ್ಕ ತಲೆ ಎತ್ತಲಿಲ್ಲ. ನಾನು ಅವಳನ್ನು ಕೇಳಬಹುದಿತ್ತು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು ಪುಸ್ತಕ ಮುಚ್ಚಿದೆ. ಕಾರ್ಕಳದ ಮನೆಯವರು ಅಲ್ಲಿ ಪಟ್ಟಿ ಬರೆಯಲು ಬಂದ ಮಾಸ್ಟ್ರಿಗೆ ಅವಳು ತಾಯಿಮನೆಯವಳು ಎಂದು ಹೇಳಿ ಆಗಲೇ ಕಳುಹಿಸಿದ್ದರೆಂದು ನನಗೆ ತಿಳಿದದ್ದು ಎಷ್ಟೋ ಸಮಯದ ಮೇಲೆ.

ಓಟಿನ ದಿನ ನನಗೆ ನಮ್ಮ ಶಾಲೆಯಲ್ಲೇ ಡ್ಯೂಟಿ. ಬುರ್ಖಾ ಹಾಕುವ ಬ್ಯಾರಿ ಹೆಂಗಸರಿರುವ ಬೂತಿಗೆ ಊರಿನದ್ದೇ ಒಂದು ಹೆಂಗಸು ಬೇಕೆಂದು ನನ್ನನ್ನು ಬೆರಳಿಗೆ ಶಾಯಿ ಹಚ್ಚಲು ಕೂರಿಸಿದ್ದರು. ಹತ್ತೂವರೆಯ ಹೊತ್ತಿಗೆ ನೋಡುತ್ತೇನೆ, ಸಾಲಿನಲ್ಲಿ ಅಕ್ಕ. ಮದುವೆಯ ರೇಷ್ಮೆ ಸೀರೆ ಉಟ್ಟಿದ್ದಳು, ತಲೆಗೆ ಮಲ್ಲಿಗೆ ಮುಡಿದಿದ್ದಳು. ಅವಳು ಹೂ ಮುಡಿದದ್ದನ್ನು ನಾನು ನೋಡದೆ ವರ್ಷಗಳಾಗಿದ್ದವು. ಅವಳು ಅದುವರೆಗೆ ಒಮ್ಮೆಯೂ ಓಟು ಹಾಕಿದವಳಲ್ಲ. ಕಾರ್ಕಳದಲ್ಲಿದ್ದಾಗ ಒಂದು ಸಲ ಓಟು ಬಂದಿತ್ತಂತೆ. ಮನೆಯವರೆಲ್ಲ ಹೋಗಿ, ಅವಳನ್ನು ಅಂಗಳದ ಭತ್ತ ಕಾಯಲು ಬಿಟ್ಟಿದ್ದರಂತೆ.

ಪಟ್ಟಿ ಹಿಡಿದಿದ್ದ ಅಧಿಕಾರಿ ಪರವೂರಿನವರು. ಎರಡೆರಡು ಸಲ ಹುಡುಕಿದರು. “ಇಲ್ಲಮ್ಮ, ನಿಮ್ಮ ಹೆಸರು ಇದರಲ್ಲಿ ಇಲ್ಲ” ಎಂದರು.

ಅಕ್ಕ ಅವರನ್ನು ಬಿಟ್ಟು ನನ್ನ ಕಡೆ ತಿರುಗಿದಳು. “ನೀನೇ ಅಲ್ವಾ ಬರೆದದ್ದು? ಈಗ ಬರೆ.”

“ಇವತ್ತು ಬರೆದು ಇವತ್ತೇ ಓಟು ಹಾಕಲಿಕ್ಕೆ ಆಗುವುದಿಲ್ಲ ಅಕ್ಕ. ಕಾನೂನು ಉಂಟು.”

“ಪೆನ್ನು ನಿನ್ನ ಮೇಜಿನ ಮೇಲೇ ಉಂಟಲ್ಲ. ಒಂದು ಗೆರೆಯ ಕೆಲಸ. ನಾನು ಈ ಊರಿನವಳು ಅಂತ ಇವರಿಗೆಲ್ಲ ಗೊತ್ತುಂಟು.”

ಸಾಲಿನಲ್ಲಿದ್ದವರು ಮಾತು ನಿಲ್ಲಿಸಿ ಕೇಳುತ್ತಿದ್ದರು. ಪಾರ್ಟಿಗಳ ಏಜೆಂಟರು ಬೆಂಚಿನ ಮೇಲೆ ಕೂತು ನೆಲ ನೋಡುತ್ತಿದ್ದರು. ಅಕ್ಕನ ದನಿ ಏರಲೇ ಇಲ್ಲ.

“ಹಾಗಾದರೆ ನಾನು ಎಲ್ಲಿಯವಳು, ಅದಾದರೂ ಹೇಳು.”

ನಾನು ಎಂತ ಹೇಳಿದೆ ಗೊತ್ತೇ? ಎರಡನೇ ಕ್ಲಾಸಿನ ಮಕ್ಕಳಿಗೆ ಹೇಳುವ ಸ್ವರದಲ್ಲಿ, “ಹಿಂದಿನವರಿಗೆ ದಾರಿ ಬಿಡು” ಎಂದೆ. ಈ ಕೈಯಿಂದ ಎಷ್ಟೋ ಮಕ್ಕಳಿಗೆ ಹೊಡೆದಿದ್ದೇನೆ. ಅದಕ್ಕೆಲ್ಲ ಪಶ್ಚಾತ್ತಾಪ ಉಂಟು. ಆದರೆ ಈ ಒಂದು ಮಾತಿಗೆ ಪಟ್ಟಷ್ಟು ಸಂಕಟವನ್ನು ಬೇರೆ ಯಾವುದಕ್ಕೂ ಪಟ್ಟಿಲ್ಲ. ಅಕ್ಕ ದಾರಿ ಬಿಟ್ಟಳು. ಮೆಟ್ಟಿಲಿಳಿದು ಹೋದಳು.

ಮನೆಯಲ್ಲಿ ಅವಳು ಜಗಳ ತೆಗೆಯಲಿಲ್ಲ. ಅಂದಿನಿಂದ ನನ್ನನ್ನು ಹೆಸರು ಹಿಡಿದು ಕರೆಯುವುದನ್ನು ಮಾತ್ರ ನಿಲ್ಲಿಸಿದಳು. “ಟೀಚರ್, ಊಟ ಆಗಿದೆ.” “ಟೀಚರ್, ಬಸ್ಸಿಗೆ ಹೊತ್ತಾಯಿತು.” ಕೇಳಿದವರಿಗೆ ತಮಾಷೆ ಅನ್ನಿಸುತ್ತಿತ್ತು. ತಮಾಷೆಯಲ್ಲವೆಂದು ನನಗೆ ಗೊತ್ತಿತ್ತು. ಅವಳಿಗೂ ಅದು ಗೊತ್ತಿತ್ತು.

ಎಂಬತ್ತರ ದಶಕದಲ್ಲಿ ಪಟ್ಟಿ ಮತ್ತೆ ಹೊಸದಾಗಿ ಬರೆಯುವಾಗ ನಾನು ಮೊದಲು ಹತ್ತಿದ್ದು ನಮ್ಮದೇ ಮನೆಯ ಮೆಟ್ಟಿಲು. ಮೊದಲು ಬರೆದದ್ದು ಅಕ್ಕನ ಹೆಸರು. ತಂದೆ, ತಾಯಿ ಅಥವಾ ಗಂಡನ ಹೆಸರು ಎಂಬ ಕಲಂ ಬಂದಾಗ ಅವಳನ್ನೇ ಕೇಳಿದೆ. “ತಾಯಿಯದ್ದು ಬರೆ” ಎಂದಳು. ಅಮ್ಮ ಬಾಗಿಲ ಬಳಿ ನಿಂತಿದ್ದಳು. ಈ ಸಲ ನನ್ನ ಕೈ ಹಿಡಿಯಲು ಬರಲಿಲ್ಲ. ಪಟ್ಟಿ ಅಚ್ಚಾಗಿ ಪಂಚಾಯತ್ ಕಚೇರಿಗೆ ಬಂದಾಗ ಅಕ್ಕ ಬೀಡಿ ಕೊಡಲು ಹೋದವಳು ಹಾಗೆಯೇ ಹೋಗಿ ನೋಡಿಕೊಂಡು ಬಂದಳಂತೆ. ಆ ಸಂಜೆ ನನ್ನನ್ನು ಹೆಸರು ಹಿಡಿದು ಕರೆದಳು.

ಓಟು ಬರುವವರೆಗೆ ಅವಳು ಉಳಿಯಲಿಲ್ಲ. ಹೊಟ್ಟೆನೋವೆಂದು ತಿಂಗಳುಗಟ್ಟಲೆ ಓಮದ ನೀರು ಕುಡಿದು ಕಳೆದಿದ್ದಳು. ಉಡುಪಿಯ ಡಾಕ್ಟರು ಮಣಿಪಾಲಕ್ಕೆ ಬರೆದುಕೊಟ್ಟರು. ಅಲ್ಲಿ ಗಡ್ಡೆ ಎಂದರು, ತಡವಾಯಿತು ಎಂದರು. ಆಸ್ಪತ್ರೆಯ ಕೌಂಟರಿನಲ್ಲಿ ಗಂಡನ ಮನೆಯ ವಿಳಾಸ ಕೇಳಿದಾಗ ನಾನು ತಡವರಿಸಿದೆ. ಅಕ್ಕ ಬೆಂಚಿನಿಂದಲೇ, “ಓಟರ್ ಲಿಸ್ಟಿನಲ್ಲಿ ಇರುವ ಮನೆ ಬರೆಯಿರಿ” ಎಂದಳು. ಮೂರು ವಾರದ ಮೇಲೆ ವಾರ್ಡಿನಲ್ಲೇ ತೀರಿಕೊಂಡಳು. ಹದಿಮೂರನೆಯ ದಿನದ ಉತ್ತರಕ್ರಿಯೆ, ನಮ್ಮ ಕಡೆಯ ಬೊಜ್ಜಕ್ಕೆ ಕಾರ್ಕಳದಿಂದ ನಾಲ್ಕು ಜನ ಬಂದರು, ಉಂಡರು, ಮೂರೂವರೆಯ ಬಸ್ಸಿಗೆ ಹೋದರು. ಅವಳ ಗಂಡ ಬರಲಿಲ್ಲ.

ಸತ್ತವರ ಹೆಸರು ತೆಗೆಸಲು ವರದಿ ಕೊಡುವುದು ನನ್ನದೇ ಕೆಲಸ. ಊರಿನ ಉಳಿದವರದ್ದು ಕೊಟ್ಟೆ. ಅಕ್ಕನದ್ದು ಕೊಡಲಿಲ್ಲ.

ಹಾಗಾಗಿ ಮುಂದಿನ ಓಟಿಗೆ ಪಾರ್ಟಿಯವರು ನಮ್ಮ ಮನೆಗೆ ಮೂರು ಚೀಟಿ ತಂದುಕೊಟ್ಟು ಹೋದರು. ಅಮ್ಮ ಮೂರನ್ನೂ ದೇವರ ಮಣೆಯ ಮೇಲಿಟ್ಟಳು. ನಾನು ಬೆಳಗ್ಗೆ ಬೇಗ ಡ್ಯೂಟಿಗೆ ಹೋದೆ. ಮಧ್ಯಾಹ್ನದ ಬಿಸಿಲಿಗೆ ಸಾಲು ಕರಗಿದ ಮೇಲೆ ಅಮ್ಮ ನಿಧಾನವಾಗಿ ಮೆಟ್ಟಿಲು ಹತ್ತಿ ಬಂದು ಒಂದು ಚೀಟಿ ಕೊಟ್ಟಳು. ಈ ಸಲವೂ ಪರವೂರಿನವರೇ ಆಗಿದ್ದ ಅಧಿಕಾರಿ ಗಟ್ಟಿಯಾಗಿ ಓದಿದ ಹೆಸರು ಅಕ್ಕನದ್ದು. ಅಮ್ಮನಿಗೆ ಓದು ಬಾರದು, ಚೀಟಿ ಅದಲುಬದಲಾಗಿರಬೇಕು ಎಂದುಕೊಂಡು ಎದ್ದೆ. ಅಷ್ಟರಲ್ಲಿ ಅವರು, “ಅಮ್ಮಾ, ನಿಮ್ಮ ಹೆಸರು ಹೇಳಿ” ಎಂದರು.

ಅಮ್ಮ ಸೊಂಟ ನೆಟ್ಟಗೆ ಮಾಡಿಕೊಂಡು ಸ್ಪಷ್ಟವಾಗಿ ಅಕ್ಕನ ಹೆಸರು ಹೇಳಿದಳು.

ಅಧಿಕಾರಿ ಪಟ್ಟಿ ನೋಡಿದರು, ಅಮ್ಮನ ಬಿಳಿ ತಲೆ ನೋಡಿದರು. “ಇಲ್ಲಿ ವಯಸ್ಸು ಮೂವತ್ತೊಂಬತ್ತು ಅಂತ ಉಂಟಲ್ಲ?”

ಬೆಂಚಿನಲ್ಲಿದ್ದ ಏಜೆಂಟರು ಇಬ್ಬರೂ ನಮ್ಮ ಊರಿನವರು, ಅಕ್ಕನ ಹೆಣಕ್ಕೆ ಹೆಗಲು ಕೊಟ್ಟವರು. ಓಟಿನ ದಿನ ಒಬ್ಬರ ಮುಖ ಒಬ್ಬರು ನೋಡದವರು. ಅವರಲ್ಲಿ ಹಿರಿಯ, “ಪ್ರಿಂಟಿನವರದ್ದು ತಪ್ಪು ಮಾರ್ರೆ. ನಮಗೆ ತಕರಾರಿಲ್ಲ” ಎಂದ. ಇನ್ನೊಬ್ಬ ಹೌದೆಂದು ತಲೆಯಾಡಿಸಿದ. ಅಧಿಕಾರಿ ನನ್ನ ಕಡೆ ನೋಡಿದರು. ತಡೆಯಲು ನನ್ನ ಒಂದು ಮಾತು ಸಾಕಿತ್ತು. ಅಮ್ಮನ ಬೆರಳು ಹಿಡಿದು ಶಾಯಿ ಹಚ್ಚಿದೆ. ಬೆರಳು ತಣ್ಣಗಿತ್ತು. ಅವಳು ಹೆಬ್ಬೆಟ್ಟು ಒತ್ತಿ, ಮತಪತ್ರ ಹಿಡಿದು ರಟ್ಟಿನ ಮರೆಗೆ ಹೋದವಳು ಬಹಳ ಹೊತ್ತು ಅಲ್ಲೇ ನಿಂತಳು.

ಡ್ಯೂಟಿ ಮುಗಿಸಿ ಮನೆಗೆ ಹೋದಾಗ ಅಮ್ಮ ಚಾವಡಿಯಲ್ಲಿ ಕೂತಿದ್ದಳು. ಬೈಯಬೇಕೆಂದೇ ಹೋಗಿದ್ದೆ, ಆಗಲಿಲ್ಲ.

“ನಿನ್ನ ಓಟು ಹೋಯಿತಲ್ಲ ಅಮ್ಮ.”

“ನಾನು ಬೇಕಾದಷ್ಟು ಸಲ ಹಾಕಿದ್ದೇನೆ. ಅವಳದ್ದು ಒಂದಾದರೂ ಆಗಲಿ ಅಂತ ಹೋದೆ.”

“ಯಾರಿಗೆ ಹಾಕಿದೆ?”

ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

“ಯಾರಿಗೂ ಇಲ್ಲ. ಅಲ್ಲಿ ನಿಂತ ಮೇಲೆ ಗೊತ್ತಾಯಿತು, ಅವಳು ಯಾರಿಗೆ ಹಾಕುತ್ತಿದ್ದಳು ಅಂತ ನನಗೆ ಗೊತ್ತಿಲ್ಲ. ನಾವು ಅವಳನ್ನು ಯಾವುದನ್ನೂ ಕೇಳಲೇ ಇಲ್ಲ ನೋಡು. ಖಾಲಿಯೇ ಮಡಚಿ ಹಾಕಿ ಬಂದೆ.”